ಕಂಬಳ: ಬಾಕಿಮಾರು ಗದ್ದೆಯಿಂದ ಸರ್ವೋಚ್ಚ ನ್ಯಾಯಾಲಯದವರೆಗೆ

ಪ್ರತಿಯೊಂದು ನಾಡಿನ ಸಾಂಪ್ರದಾಯಿಕ ಓಟದ ಸ್ಪರ್ಧೆಯೂ ಆ ನಾಡಿನ ನೆಲಕ್ಕೆ ತಕ್ಕಂತೆ ರೂಪುಗೊಂಡಿರುತ್ತದೆ. ಆಲ್ಪ್ಸ್ ಪರ್ವತಗಳಲ್ಲಿ ವಾಸಿಸುವವರಿಗೆ ದೊರೆತದ್ದು ಹಿಮದ ಇಳಿಜಾರು. ಸ್ವಿಟ್ಜರ್ಲೆಂಡಿನ ಮ್ಯೂರೆನ್ ಗ್ರಾಮದಲ್ಲಿ 1928ರಲ್ಲಿ ಆರಂಭವಾದ ‘ಇನ್ಫರ್ನೊ’ ಎಂಬ ಹಿಮಜಾರು ಓಟವು ಪರ್ವತದ ನೆತ್ತಿಯಿಂದ ಕಣಿವೆಯತ್ತ ಇಳಿಯುತ್ತದೆ. ಪುಣೆ ಜಿಲ್ಲೆಯ ಉತ್ತರ ಭಾಗದ ರೈತರಿಗೆ ದೊರೆತದ್ದು ಸಹ್ಯಾದ್ರಿಯ ಮಡಿಲಿನ ದಿಬ್ಬಗಳು. ಅಲ್ಲಿ ಎತ್ತಿನ ಗಾಡಿಗಳು ಏರುದಾರಿಯಲ್ಲಿ ಓಡುತ್ತವೆ. ಅದೇ ಸಹ್ಯಾದ್ರಿಯು ದಕ್ಷಿಣಕ್ಕೆ ಸಾಗಿ ಕಡಲಿನತ್ತ ಇಳಿಯುವಲ್ಲಿ, ಮಳೆ ಸಮೃದ್ಧವಾಗಿ ಸುರಿಯುವ ತುಳುನಾಡಿನಲ್ಲಿ, ರೈತನಿಗೆ ದೊರೆತದ್ದು ನೀರು ನಿಂತ ಕೆಸರುಗದ್ದೆ. ಅಲ್ಲಿ ಬೆಳೆದುಬಂದ ಕೋಣಗಳ ಓಟವೇ ಕಂಬಳ.

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಮೂಲದವರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಅವರಲ್ಲಿ ಹಿರಿಯರಿಗೆ ಕಂಬಳವು ಊರಿನ ನೆನಪು. ಇಲ್ಲಿಯೇ ಹುಟ್ಟಿ ಬೆಳೆದ ಕಿರಿಯರಿಗೆ ಅದು 2022ರ ‘ಕಾಂತಾರ’ ಚಲನಚಿತ್ರದಲ್ಲಿ ಕಂಡ ಒಂದು ದೃಶ್ಯ. ಇವೆರಡರ ನಡುವಿನ ಅಂತರವನ್ನು ತುಂಬುವ ಉದ್ದೇಶದಿಂದ ಕಂಬಳದ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಿದ್ದೇವೆ. ಈ ಚರಿತ್ರೆಯಲ್ಲಿ ಒಂದು ಅಂಶ ಎದ್ದು ಕಾಣುತ್ತದೆ. ಕಂಬಳವು ಇದ್ದ ಹಾಗೆಯೇ ಉಳಿದುಬಂದ ಆಚರಣೆಯಲ್ಲ. ಅದರ ಒಡೆತನ, ಕಾಲ, ನಿಯಮ, ಗದ್ದೆಯ ಸ್ವರೂಪ ಇವೆಲ್ಲವೂ ಮತ್ತೆ ಮತ್ತೆ ಬದಲಾಗಿವೆ. ಬದಲಾದುದರಿಂದಲೇ ಅದು ಇಂದಿಗೂ ಉಳಿದಿದೆ.

ಹೆಸರು ಮತ್ತು ಹಿನ್ನೆಲೆ

‘ಕಂಬಳ’ ಎಂಬ ಪದದ ನಿಷ್ಪತ್ತಿಯ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ‘ಕಂಪ’ ಎಂದರೆ ಕೆಸರು, ‘ಕಳ’ ಎಂದರೆ ಕಣ ಅಥವಾ ಅಂಕಣ. ಇವೆರಡೂ ಸೇರಿ ‘ಕಂಪಕಳ’ವಾಗಿ, ಮುಂದೆ ‘ಕಂಬಳ’ವಾಯಿತೆಂಬುದು ಹೆಚ್ಚು ಪ್ರಚಲಿತವಾದ ವಿವರಣೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಹಾಗೂ ಕೇರಳದ ಕಾಸರಗೋಡು ಇದರ ಮುಖ್ಯ ನೆಲೆಗಳು. ತುಳು ಭಾಷಿಕ ಪ್ರದೇಶಕ್ಕೆ ಮಾತ್ರ ಇದು ಸೀಮಿತವೂ ಅಲ್ಲ. ಉಡುಪಿ ಜಿಲ್ಲೆಯ ಉತ್ತರ ಭಾಗದಲ್ಲಿ, ಕುಂದಗನ್ನಡ ಮಾತನಾಡುವ ಸೀಮೆಯಲ್ಲಿ, ವಂಡಾರಿನ ಕಂಬಳವು ಧಾರ್ಮಿಕ ವಿಧಿಗಳಿಗಾಗಿ ಪ್ರಸಿದ್ಧವಾಗಿದೆ.

ಕರಾವಳಿಯ ಭತ್ತದ ಬೇಸಾಯದಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಗಳು. ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿದ ಬಳಿಕ ಗದ್ದೆಯನ್ನು ಮತ್ತೆ ಉತ್ತು, ನೀರು ನಿಲ್ಲಿಸಿ, ಹಲಗೆ ಎಳೆದು ಸಮತಟ್ಟು ಮಾಡಬೇಕು. ಈ ಕೆಲಸಗಳಿಗೆಲ್ಲ ಕೋಣಗಳೇ ಆಧಾರ. ಕಂಬಳದ ಸ್ಪರ್ಧೆಗಳಲ್ಲಿ ಇಂದಿಗೂ ನೇಗಿಲು, ಹಲಗೆ ಎಂಬ ಹೆಸರುಗಳಿರುವುದು ಅದರ ಮೂಲವು ಬೇಸಾಯದಲ್ಲಿದೆ ಎಂಬುದಕ್ಕೆ ಸಾಕ್ಷಿ. ಉಳುಮೆಯ ದಿನವೇ ಹಬ್ಬವಾಗಿ, ಹಬ್ಬವೇ ಓಟವಾಯಿತೆಂದು ಊಹಿಸಲು ಇದು ಸಾಕಾದ ಆಧಾರವೆಂದು ನಮ್ಮ ಭಾವನೆ.

ಸಾಂಪ್ರದಾಯಿಕ ಕಂಬಳ

ಹಿಂದೆ ಕಂಬಳವು ನಡೆಯುತ್ತಿದ್ದುದು ಗುತ್ತಿನ ಮನೆ, ಬೀಡು ಅಥವಾ ದೇವಸ್ಥಾನಕ್ಕೆ ಸೇರಿದ ದೊಡ್ಡ ಗದ್ದೆಯಲ್ಲಿ. ಮನೆಯೆದುರಿನ ವಿಶಾಲವಾದ ಇಂತಹ ಗದ್ದೆಗೆ ‘ಬಾಕಿಮಾರು’ ಎಂದು ಹೆಸರು. ಕಂಬಳದ ದಿನ ನಿಗದಿಯಾದ ಮೇಲೆ ನಾಗನಿಗೆ, ದೈವಗಳಿಗೆ ಪ್ರಾರ್ಥನೆ ಸಲ್ಲಿಸಿ, ಮೊದಲು ಮನೆತನದ ಕೋಣಗಳನ್ನು ಗದ್ದೆಗಿಳಿಸಿ, ಅನಂತರ ಊರಿನ ಇತರರ ಕೋಣಗಳಿಗೆ ಅವಕಾಶ ನೀಡುವುದು ಕ್ರಮ. ಕೆಲವೆಡೆ ಅಡಕೆ ಮರದ ಕಂಬವನ್ನು ಹೂವುಗಳಿಂದ ಅಲಂಕರಿಸಿ ಗದ್ದೆಯ ನಡುವೆ ನೆಡುವರು. ಇಂತಹವು ‘ಪೂಕರೆ ಕಂಬಳ’ಗಳು. ಮಂಗಳೂರಿನ ಕದ್ರಿಯ ಕಂಬಳವು ಶ್ರೀ ಮಂಜುನಾಥನ ಸಂಬಂಧದಿಂದ ‘ದೇವರ ಕಂಬಳ’ವೆಂದು ಹೆಸರಾದರೆ, ಮೂಲ್ಕಿ ಸೀಮೆಯದು ‘ಅರಸು ಕಂಬಳ’ವೆಂದು ಪ್ರಸಿದ್ಧವಾಗಿದೆ.

ಈ ಕಂಬಳಗಳಲ್ಲಿ ಓಟವಿದ್ದರೂ ಇಂದಿನ ಅರ್ಥದ ಪೈಪೋಟಿ ಇರಲಿಲ್ಲ. ಒಂದೇ ಕರೆಯಲ್ಲಿ (‘ಕರೆ’ ಎಂದರೆ ಓಟದ ಪಥ) ಒಂದೊಂದೇ ಜೊತೆ ಕೋಣಗಳು ಓಡುತ್ತಿದ್ದವು. ಯಾರು ಮುಂದೆ, ಯಾರು ಹಿಂದೆ ಎಂಬುದಕ್ಕಿಂತ ಯಾರ ಕೋಣಗಳು ಚೆನ್ನಾಗಿ ಓಡಿದವು ಎಂಬುದೇ ಮಾತಿನ ವಿಷಯವಾಗಿತ್ತು. ಗೆದ್ದವರಿಗೆ ತೆಂಗಿನಕಾಯಿ, ಬಾಳೆಗೊನೆಗಳೇ ಬಹುಮಾನ. ಗದ್ದೆಯ ಒಡೆಯನ ಪ್ರತಿಷ್ಠೆ, ಒಕ್ಕಲುಗಳ ದುಡಿಮೆ, ದೈವದ ಭಯಭಕ್ತಿ ಇವು ಮೂರೂ ಒಂದೆಡೆ ಕೂಡುತ್ತಿದ್ದ ದಿನ ಅದಾಗಿತ್ತು.

ಮರೆಯಬಾರದ ಅಧ್ಯಾಯ

ಕಂಬಳದ ಹಿರಿಮೆಯನ್ನು ಹೇಳುವಾಗ ಮುಚ್ಚಿಡಬಾರದ ಸಂಗತಿಯೊಂದಿದೆ. ತುಳುನಾಡಿನ ಆದಿವಾಸಿಗಳಾದ ಕೊರಗ ಸಮುದಾಯದವರನ್ನು ಕಂಬಳದ ಸಂದರ್ಭದಲ್ಲಿ ಅತ್ಯಂತ ಹೀನವಾಗಿ ನಡೆಸಿಕೊಳ್ಳಲಾಗುತ್ತಿತ್ತು. ಕಂಬಳದ ಹಿಂದಿನ ರಾತ್ರಿ ಅವರು ಇಬ್ಬನಿಯಲ್ಲಿ ಕುಳಿತು ಡೋಲು ಬಾರಿಸುತ್ತ ಬೆಳಗು ಮಾಡಬೇಕಾಗಿತ್ತು. ಕೋಣಗಳು ಇಳಿಯುವ ಮೊದಲು ಅವರನ್ನೇ ಕೋಣಗಳಂತೆ ಗದ್ದೆಯಲ್ಲಿ ಓಡಿಸುವ ಪದ್ಧತಿಯೂ ಇತ್ತು. ಕೆಸರಿನಲ್ಲಿ ಮುಳ್ಳು, ಗಾಜಿನ ಚೂರುಗಳಿದ್ದರೆ ಮೊದಲು ಅವು ಚುಚ್ಚಿಕೊಳ್ಳುತ್ತಿದ್ದುದು ಈ ಮನುಷ್ಯರ ಕಾಲಿಗೆ.

ಈ ಬಗೆಯ ಶೋಷಣೆಗೆ ‘ಅಜಲು’ ಎಂದು ಹೆಸರು. ಕೊರಗ ಸಂಘಟನೆಗಳ ದೀರ್ಘಕಾಲದ ಹೋರಾಟದ ಬಳಿಕ ಕರ್ನಾಟಕ ಸರಕಾರವು 2000ದಲ್ಲಿ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆಯನ್ನು ತಂದಿತು. ಕಂಬಳಕ್ಕೆ ಮೊದಲು ಕೊರಗರನ್ನು ಕೋಣಗಳಂತೆ ಓಡಿಸುವುದನ್ನು ಆ ಕಾಯ್ದೆಯು ಹೆಸರಿಸಿಯೇ ನಿಷೇಧಿಸಿದೆ. ಪರಂಪರೆಯ ಭಾಗವೆಂದು ತಲೆಮಾರುಗಳಿಂದ ನಡೆದುಬಂದ ಒಂದು ಆಚರಣೆಯನ್ನು ಕಿತ್ತು ಹಾಕಿದ ಮೇಲೂ ಕಂಬಳವು ನಿಲ್ಲಲಿಲ್ಲ. ಅದರ ಗೌರವವು ಕುಗ್ಗಲೂ ಇಲ್ಲ. ಮುಂದಿನ ವಿವಾದಗಳನ್ನು ಅವಲೋಕಿಸುವಾಗ ಈ ಸತ್ಯವನ್ನು ನೆನಪಿನಲ್ಲಿಡುವುದು ಒಳಿತು.

ಜೋಡುಕರೆಯ ಉದಯ

ಇಂದು ನಾವು ಕಾಣುವ ಸ್ಪರ್ಧಾತ್ಮಕ ಕಂಬಳದ ವಯಸ್ಸು ಅರ್ಧ ಶತಮಾನಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ. ಕಾರ್ಕಳ ತಾಲೂಕಿನ ಬಜಗೋಳಿಯಲ್ಲಿ 1969-70ರ ಸುಮಾರಿಗೆ ಆರಂಭವಾದ ಲವ-ಕುಶ ಜೋಡುಕರೆ ಕಂಬಳವನ್ನು ಆಧುನಿಕ ಕಂಬಳದ ಆದಿಯೆಂದು ಪರಿಗಣಿಸಲಾಗಿದೆ. ಒಂದರ ಪಕ್ಕದಲ್ಲಿ ಮತ್ತೊಂದು ಕರೆಯನ್ನು ನಿರ್ಮಿಸಿದಾಗ ಎರಡು ಜೊತೆ ಕೋಣಗಳು ಏಕಕಾಲಕ್ಕೆ ಓಡುವುದು ಸಾಧ್ಯವಾಯಿತು. ಸೋಲು ಗೆಲುವು ಪ್ರೇಕ್ಷಕರ ಕಣ್ಣೆದುರಿಗೇ ನಿರ್ಧಾರವಾಗತೊಡಗಿತು.

ಜೋಡುಕರೆಗಳ ಹೆಸರುಗಳೂ ಸ್ವಾರಸ್ಯಕರವಾಗಿವೆ. ಎರಡು ಕರೆಗಳಿಗೆ ಪುರಾಣದ ಅಥವಾ ತುಳು ಪಾಡ್ದನಗಳ ಜೋಡಿ ವೀರರ ಹೆಸರನ್ನಿಡುವುದು ರೂಢಿ. ಮೂಡುಬಿದಿರೆಯದು ಕೋಟಿ-ಚೆನ್ನಯ, ಐಕಳದ್ದು ಕಾಂತಾಬಾರೆ-ಬೂದಾಬಾರೆ, ವೇಣೂರಿನದು ಸೂರ್ಯ-ಚಂದ್ರ, ಉಪ್ಪಿನಂಗಡಿಯದು ವಿಜಯ-ವಿಕ್ರಮ. ಯಾವ ಜೊತೆಗೆ ಯಾವ ಕರೆ ಎಂಬುದು ನಿಶ್ಚಯವಾದ ಮೇಲೆ ಧ್ವನಿವರ್ಧಕದಲ್ಲಿ ಕೇಳಿಬರುವುದು ಈ ವೀರರ ಹೆಸರುಗಳೇ.

ಇದೇ ಕಾಲಘಟ್ಟದಲ್ಲಿ ಕರಾವಳಿಯ ಸಾಮಾಜಿಕ ವ್ಯವಸ್ಥೆಯೂ ಮಗ್ಗುಲು ಬದಲಿಸಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆಯಿಂದ ಉಳುವವನೇ ಹೊಲದೊಡೆಯನಾದಾಗ, ದೊಡ್ಡ ಹಿಡುವಳಿಗಳ ಮೇಲೆ ನಿಂತಿದ್ದ ಗುತ್ತು, ಬೀಡುಗಳ ಯಜಮಾನಿಕೆ ಸಡಿಲವಾಯಿತು. ಒಡೆಯನ ಗದ್ದೆಯಲ್ಲಿ ನಡೆಯುತ್ತಿದ್ದ ಕಂಬಳದ ಹೊಣೆಯನ್ನು ಕ್ರಮೇಣ ಊರಿನ ಸಮಿತಿಗಳು ಹೊತ್ತುಕೊಂಡವು. ಹಿಂದೆ ಒಕ್ಕಲಾಗಿದ್ದವರ ಮಕ್ಕಳು ಕೋಣಗಳ ಯಜಮಾನರಾಗಿ ಕರೆಗೆ ಬಂದರು. ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡು ಜಿಲ್ಲೆಗಳನ್ನು ಒಳಗೊಂಡ ಕಂಬಳ ಸಮಿತಿಯು ದಿನಾಂಕಗಳ ಪಟ್ಟಿಯನ್ನು ಸಿದ್ಧಪಡಿಸಿ, ಏಕರೂಪದ ನಿಯಮಗಳನ್ನು ರೂಪಿಸಿತು. ಇಂದು ನವೆಂಬರಿನಿಂದ ಮಾರ್ಚ್ ಅಥವಾ ಏಪ್ರಿಲ್‌ವರೆಗೆ ವಾರಾಂತ್ಯಗಳಲ್ಲಿ ಕಂಬಳಗಳು ನಡೆಯುತ್ತವೆ. ಹಲವು ಕರೆಗಳು ಈಗ ಬೆಳೆ ಬೆಳೆಯುವ ಗದ್ದೆಗಳಲ್ಲ. ಓಟಕ್ಕೆಂದೇ ನಿರ್ಮಿಸಿದ ಶಾಶ್ವತ ಅಂಕಣಗಳು.

ಸ್ಪರ್ಧೆಯ ವಿಧಾನ ಮತ್ತು ವಿಭಾಗಗಳು

ಕರೆಯ ಉದ್ದ ಸಾಮಾನ್ಯವಾಗಿ 120ರಿಂದ 150 ಮೀಟರುಗಳ ನಡುವೆ ಇರುತ್ತದೆ. ಓಟ ಆರಂಭವಾಗುವ ಸ್ಥಳಕ್ಕೆ ‘ಗಂತು’ ಎಂದೂ ಮುಗಿಯುವ ಸ್ಥಳಕ್ಕೆ ‘ಮಂಜೊಟ್ಟಿ’ ಎಂದೂ ಹೆಸರು. ಮಂಜೊಟ್ಟಿಯು ಏರಾಗಿರುವುದರಿಂದ, ಭರದಿಂದ ಬಂದ ಕೋಣಗಳು ಅದನ್ನು ಹತ್ತುತ್ತ ವೇಗವನ್ನು ಕಳೆದುಕೊಂಡು ನಿಲ್ಲುತ್ತವೆ. ಸ್ಪರ್ಧೆಗಳಲ್ಲಿ ನಾಲ್ಕು ಮುಖ್ಯ ವಿಭಾಗಗಳಿವೆ.

ಹಗ್ಗ: ನೊಗಕ್ಕೆ ಕಟ್ಟಿದ ಹಗ್ಗವನ್ನು ಹಿಡಿದು ಓಟಗಾರನು ಕೋಣಗಳ ಹಿಂದೆ ಓಡುತ್ತಾನೆ.

ನೇಗಿಲು: ಓಟಕ್ಕೆಂದು ಹಗುರವಾಗಿ ಮಾಡಿದ ಮರದ ನೇಗಿಲನ್ನು ನೊಗಕ್ಕೆ ಕಟ್ಟಿರುತ್ತಾರೆ, ಓಟಗಾರನು ಅದನ್ನು ಹಿಡಿದು ಓಡುತ್ತಾನೆ.

ಅಡ್ಡಹಲಗೆ: ಗದ್ದೆಯನ್ನು ಸಮತಟ್ಟು ಮಾಡುವ ಹಲಗೆಯನ್ನು ಹೋಲುವ ಅಡ್ಡ ಹಲಗೆಯ ಮೇಲೆ ಓಟಗಾರನು ನಿಂತು ಸಾಗುತ್ತಾನೆ.

ಕನೆಹಲಗೆ: ಇದು ವೇಗದ ಸ್ಪರ್ಧೆಯಲ್ಲ. ರಂಧ್ರಗಳಿರುವ ಚಿಕ್ಕ ಮರದ ಹಲಗೆಯ ಮೇಲೆ ಓಟಗಾರನು ಒಂದು ಕಾಲನ್ನು ಊರಿ ನಿಲ್ಲುತ್ತಾನೆ. ಕೋಣಗಳು ಎಳೆದಂತೆ ಆ ರಂಧ್ರಗಳ ಮೂಲಕ ಕೆಸರುನೀರು ಮೇಲಕ್ಕೆ ಚಿಮ್ಮುತ್ತದೆ. ಕರೆಯ ಮೇಲ್ಗಡೆ ನಿಗದಿತ ಎತ್ತರದಲ್ಲಿ ಕಟ್ಟಿದ ಬಟ್ಟೆಯನ್ನು, ಅಂದರೆ ‘ನಿಶಾನೆ’ಯನ್ನು, ಆ ನೀರು ತಲುಪಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಈ ಎತ್ತರವನ್ನು ಅಳೆಯುತ್ತಾರೆ.

ಹಗ್ಗ ಮತ್ತು ನೇಗಿಲು ವಿಭಾಗಗಳಲ್ಲಿ ‘ಹಿರಿಯ’, ‘ಕಿರಿಯ’ ಎಂಬ ಒಳವಿಂಗಡಣೆ ಇದೆ. ಕೋಣಗಳ ಹಲ್ಲುಗಳನ್ನು ಪರೀಕ್ಷಿಸಿ ವಯಸ್ಸನ್ನು ಅಂದಾಜಿಸಿ ಇದನ್ನು ತೀರ್ಮಾನಿಸುತ್ತಾರೆ. ವಿಜೇತರಿಗೆ ಚಿನ್ನದ ಪವನು ನೀಡುವುದು ಈಗ ವಾಡಿಕೆ. ಅದರ ಬೆಲೆ ಕೋಣಗಳನ್ನು ಸಾಕುವ ವೆಚ್ಚದ ಮುಂದೆ ಅಲ್ಪವೇ. ಉಳುಮೆಗೆ ಟಿಲ್ಲರ್ ಬಂದ ಮೇಲೆ ಈ ಕೋಣಗಳಿಗೆ ಕಂಬಳವೊಂದೇ ಕೆಲಸ. ಹುರುಳಿಯ ಆಹಾರ, ಎಣ್ಣೆಯ ಮಾಲೀಸು, ಈಜಾಟ, ಆರೈಕೆಗೆಂದೇ ನೇಮಿಸಿದ ಆಳುಗಳು ಇವೆಲ್ಲವೂ ವರ್ಷವಿಡೀ ನಡೆಯಬೇಕು. ಯಜಮಾನನಿಗೆ ದಕ್ಕುವುದು ಮುಖ್ಯವಾಗಿ ಹೆಸರು.

ಗಡಿಯಾರದ ಪ್ರವೇಶ

ಮೊದಲು ಕಣ್ಣಳತೆಯಲ್ಲಿ ನಡೆಯುತ್ತಿದ್ದ ತೀರ್ಪು ಈಗ ಲೇಸರ್ ಕಿರಣ ಮತ್ತು ವಿದ್ಯುನ್ಮಾನ ಗಡಿಯಾರಗಳ ನೆರವಿನಿಂದ ನಡೆಯುತ್ತದೆ. ಓಟಗಾರರಿಗೆ ಕ್ರಮಬದ್ಧ ತರಬೇತಿ ನೀಡುವ ಸಲುವಾಗಿ ಕೆ. ಗುಣಪಾಲ ಕಡಂಬ ಅವರ ಮುಂದಾಳತ್ವದಲ್ಲಿ ಕಂಬಳ ಅಕಾಡೆಮಿಯೂ ಸ್ಥಾಪನೆಗೊಂಡಿತು. ಈ ಅಕಾಡೆಮಿಯಲ್ಲಿ ಪಳಗಿದ ಶ್ರೀನಿವಾಸ ಗೌಡರು 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಇದನ್ನು 100 ಮೀಟರಿಗೆ ಭಾಗಿಸಿ 9.55 ಸೆಕೆಂಡು ಎಂದು ಲೆಕ್ಕ ಹಾಕಿದ ಪತ್ರಿಕೆಗಳು, 2009ರಲ್ಲಿ ಬರ್ಲಿನ್ನಿನಲ್ಲಿ 9.58 ಸೆಕೆಂಡುಗಳಲ್ಲಿ ಓಡಿದ್ದ ಉಸೇನ್ ಬೋಲ್ಟ್ ಅವರೊಂದಿಗೆ ಗೌಡರನ್ನು ಹೋಲಿಸಿದವು.

ಈ ಹೋಲಿಕೆ ಸರಿಯಾದುದಲ್ಲ. ಬೋಲ್ಟ್ ಓಡಿದ್ದು ತಮ್ಮ ಕಾಲಿನ ಬಲದಿಂದ. ಕಂಬಳದ ಓಟಗಾರನಿಗೆ ಮುಂದಿನಿಂದ ಎಳೆಯುವ ಎರಡು ಕೋಣಗಳ ಶಕ್ತಿಯಿದೆ. ಹಾಗೆಂದು ಕಂಬಳದ ಓಟ ಸುಲಭವೂ ಅಲ್ಲ. ನೀರು ಕೆಸರು ತುಂಬಿದ ನೆಲದಲ್ಲಿ ಬರಿಗಾಲಿನಲ್ಲಿ, ತನಗಿಂತ ಹಲವು ಪಟ್ಟು ತೂಕದ ಪ್ರಾಣಿಗಳ ವೇಗಕ್ಕೆ ಹೆಜ್ಜೆ ಹೊಂದಿಸಬೇಕು. ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಪರೀಕ್ಷಾ ಓಟಕ್ಕೆ ಕೇಂದ್ರ ಕ್ರೀಡಾ ಸಚಿವರಿಂದ ಆಹ್ವಾನ ಬಂದಾಗ ಶ್ರೀನಿವಾಸ ಗೌಡರು ಅದನ್ನು ವಿನಯದಿಂದ ನಿರಾಕರಿಸಿದರು. ಗದ್ದೆಯ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂಬ ಅವರ ನಿಲುವು ಎಷ್ಟೋ ಬರಹಗಳಿಗಿಂತ ವಿವೇಕಯುತವಾಗಿತ್ತು.

ನ್ಯಾಯಾಲಯದ ಮೆಟ್ಟಿಲಲ್ಲಿ

ಕಂಬಳವು ಎದುರಿಸಿದ ಅತಿ ದೊಡ್ಡ ಸಂಕಟ ಬಂದದ್ದು ಕಾನೂನಿನ ದಾರಿಯಿಂದ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿನ ಜಲ್ಲಿಕಟ್ಟು ಹಾಗೂ ಎತ್ತಿನ ಗಾಡಿಗಳ ಓಟವನ್ನು ನಿಷೇಧಿಸಿ ತೀರ್ಪಿತ್ತಿತು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960 ಇದಕ್ಕೆ ಆಧಾರ. ಎತ್ತಿನ ದೇಹರಚನೆ ಕುದುರೆಯಂತೆ ಓಟಕ್ಕೆ ಹೊಂದುವಂಥದ್ದಲ್ಲ, ನೋವು ಮತ್ತು ಭಯವಿಲ್ಲದೆ ಅದನ್ನು ಓಡಿಸುವುದು ಅಸಾಧ್ಯ ಎಂಬುದು ತೀರ್ಪಿನ ಸಾರ. ಆ ತೀರ್ಪಿನಲ್ಲಿದ್ದುದು ಎತ್ತು, ಹೋರಿಗಳ ವಿಚಾರ, ಕೋಣಗಳದ್ದಲ್ಲ ಎಂದು ಕಂಬಳದ ಸಂಘಟಕರು ವಾದಿಸಿದರು. ಪ್ರಾಣಿದಯಾ ಸಂಸ್ಥೆ ಪೇಟಾ ಸಲ್ಲಿಸಿದ ಅರ್ಜಿಯ ಮೇಲೆ ಕರ್ನಾಟಕ ಉಚ್ಚ ನ್ಯಾಯಾಲಯವು 2016ರ ನವೆಂಬರಿನಲ್ಲಿ ಮಧ್ಯಂತರ ತಡೆ ನೀಡಿತು, ಕರೆಗಳು ಮೌನವಾದವು.

2017ರ ಜನವರಿಯಲ್ಲಿ ಚೆನ್ನೈಯ ಮರೀನಾ ಕಡಲತೀರದಲ್ಲಿ ಜಲ್ಲಿಕಟ್ಟು ಪರವಾಗಿ ಭಾರೀ ಜನಾಂದೋಲನ ನಡೆದಾಗ ಕರಾವಳಿಯಲ್ಲಿಯೂ ಅದೇ ಬಗೆಯ ಕೂಗು ಎದ್ದಿತು. ಅದೇ ಫೆಬ್ರವರಿಯಲ್ಲಿ ಕರ್ನಾಟಕ ವಿಧಾನಮಂಡಲವು 1960ರ ಕಾಯ್ದೆಗೆ ರಾಜ್ಯದ ಮಟ್ಟಿನ ತಿದ್ದುಪಡಿಯನ್ನು ಅಂಗೀಕರಿಸಿತು. ಜುಲೈಯಲ್ಲಿ ಸುಗ್ರೀವಾಜ್ಞೆ ಹೊರಬಿದ್ದು, ಮುಂದೆ ಪರಿಷ್ಕೃತ ವಿಧೇಯಕಕ್ಕೆ ರಾಷ್ಟ್ರಪತಿಗಳ ಅಂಕಿತವೂ ದೊರೆಯಿತು. ಕಂಬಳದೊಂದಿಗೆ ಹೋರಿ ಓಟ ಮತ್ತು ಎತ್ತಿನ ಗಾಡಿ ಓಟಗಳೂ ಈ ತಿದ್ದುಪಡಿಯ ವ್ಯಾಪ್ತಿಗೆ ಬಂದವು. ಪ್ರಾಣಿಗಳಿಗೆ ಅನಗತ್ಯ ನೋವುಂಟು ಮಾಡಬಾರದೆಂಬುದು ವಿನಾಯಿತಿಯೊಂದಿಗಿನ ಷರತ್ತು.

ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ಮೂರೂ ರಾಜ್ಯಗಳ ತಿದ್ದುಪಡಿಗಳನ್ನು ಪ್ರಶ್ನಿಸಿದ ಅರ್ಜಿಗಳನ್ನು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಆಲಿಸಿತು. 2023ರ ಮೇ 18ರಂದು ಮೂರೂ ಕಾನೂನುಗಳು ಸಿಂಧುವೆಂದು ಪೀಠ ಒಮ್ಮತದಿಂದ ತೀರ್ಪು ನೀಡಿತು. ಒಂದು ಆಚರಣೆಯು ಜನರ ಸಂಸ್ಕೃತಿಯ ಭಾಗವೇ ಎಂಬುದನ್ನು ನಿರ್ಧರಿಸಲು ಶಾಸನಸಭೆಯೇ ತಕ್ಕ ವೇದಿಕೆ, ಪ್ರಾಣಿಗಳ ನೋವನ್ನು ತಗ್ಗಿಸುವ ನಿಯಮಗಳು ತಿದ್ದುಪಡಿಯ ಬಳಿಕ ಬಂದಿವೆ ಎಂಬುದು ಪೀಠದ ನಿಲುವು. ಆ ನಿಯಮಗಳನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸುವ ಹೊಣೆಯನ್ನು ಜಿಲ್ಲಾಡಳಿತದ ಮೇಲೆ ಹೊರಿಸಲಾಯಿತು. ಹೀಗಾಗಿ ಈ ತೀರ್ಪನ್ನು ಬರಿಯ ವಿಜಯವೆಂದು ಓದುವುದು ಸಲ್ಲದು. ಅದು ಷರತ್ತಿಗೊಳಪಟ್ಟ ಒಪ್ಪಿಗೆ.

ನಮ್ಮ ನೆರೆಯ ಘಾಟು

ಈ ತೀರ್ಪಿನ ಮೂಲಕ ತುಳುನಾಡಿನ ಕರೆಯೂ ಪುಣೆಯ ಘಾಟೂ ಒಂದೇ ಎಳೆಯಲ್ಲಿ ಬೆಸೆದುಕೊಂಡವು. ಶಿವಾಜಿನಗರದಿಂದ ನಾಸಿಕದ ಹೆದ್ದಾರಿ ಹಿಡಿದು ಉತ್ತರಕ್ಕೆ ಸಾಗಿದರೆ ಚಾಕಣ, ರಾಜಗುರುನಗರ, ಮಂಚರ, ನಾರಾಯಣಗಾಂವ್ ಎದುರಾಗುತ್ತವೆ. ಖೇಡ, ಆಂಬೇಗಾಂವ್, ಜುನ್ನರ ತಾಲೂಕುಗಳ ಈ ಸೀಮೆ ‘ಬೈಲಗಾಡಾ ಶರ್ಯತ್ತಿ’ಗೆ, ಎಂದರೆ ಎತ್ತಿನ ಗಾಡಿಗಳ ಓಟಕ್ಕೆ, ಹೆಸರುವಾಸಿ. ಗ್ರಾಮದೇವತೆಯ ಜಾತ್ರೆಯ ಸಮಯದಲ್ಲಿ ಏರುಮುಖದ ಓಟದ ಪಥದಲ್ಲಿ ಗಾಡಿಗಳು ಒಂದಾದ ಮೇಲೊಂದರಂತೆ ಓಡುತ್ತವೆ. ಆ ಪಥವನ್ನೇ ಇಲ್ಲಿ ‘ಘಾಟ್’ ಎನ್ನುವರು. ಒಂದೊಂದು ಸರದಿಗೆ ‘ಬಾರಿ’ ಎಂದು ಹೆಸರು. ಸೆಕೆಂಡುಗಳ ಲೆಕ್ಕದಲ್ಲಿ ಗೆಲುವಿನ ನಿರ್ಣಯ. ಎತ್ತುಗಳಿಗೆ ದಾರಿ ತೋರಲು ಮುಂದೆ ಕುದುರೆಯ ಸವಾರನೊಬ್ಬ ಓಡುವುದು ಈ ಭಾಗದ ವಿಶೇಷ.

ಈ ಓಟದಲ್ಲಿ ಕನ್ನಡ ನಾಡಿನ ನಂಟೂ ಇದೆ. ವೇಗಕ್ಕೆ ಹೆಸರಾದ ಖಿಲಾರಿ ತಳಿಯ ಎತ್ತುಗಳ ಸೀಮೆಯು ಸಾತಾರಾ, ಸಾಂಗಲಿ, ಸೊಲ್ಲಾಪುರಗಳಿಂದ ಬೆಳಗಾವಿ, ವಿಜಯಪುರಗಳವರೆಗೂ ಹರಡಿದೆ. ರಾಜ್ಯದ ಗಡಿ ಈ ತಳಿಗೆ ತಿಳಿಯದು. ಮಹಾರಾಷ್ಟ್ರದ ವಿಧಾನಮಂಡಲವೂ 2017ರಲ್ಲಿ ತಿದ್ದುಪಡಿಯನ್ನು ಅಂಗೀಕರಿಸಿತಾದರೂ ಮುಂಬಯಿ ಉಚ್ಚ ನ್ಯಾಯಾಲಯದ ತಡೆಯಿಂದ ಓಟಗಳು ನಡೆಯಲಿಲ್ಲ. 2021ರ ಡಿಸೆಂಬರ್ 16ರಂದು ಸರ್ವೋಚ್ಚ ನ್ಯಾಯಾಲಯವು ಷರತ್ತುಬದ್ಧ ಅನುಮತಿ ನೀಡಿದ ಬಳಿಕವೇ ಘಾಟುಗಳಿಗೆ ಮರಳಿ ಜೀವ ಬಂದಿತು. ಹಲವು ವರ್ಷಗಳ ಆ ಬಿಡುವಿನಲ್ಲಿ ಎತ್ತುಗಳನ್ನು ಸಾಕುವುದೇ ರೈತರಿಗೆ ಹೊರೆಯಾಗಿತ್ತು. ಕಂಬಳದ ಕೋಣಗಳನ್ನು ಸಾಕಿದವರಿಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಗದ್ದೆಯಿಂದ ರಾಜಧಾನಿಗೆ

2023ರ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ರಾಜ-ಮಹಾರಾಜ’ ಎಂಬ ಹೆಸರಿನಲ್ಲಿ ಜೋಡುಕರೆ ಕಂಬಳವು ನಡೆಯಿತು. ಕರಾವಳಿಯಿಂದ ಲಾರಿಗಳಲ್ಲಿ ಘಟ್ಟ ಹತ್ತಿ ಬಂದ ಕೋಣಗಳನ್ನು ರಾಜಧಾನಿಯ ಜನರು ಕುತೂಹಲದಿಂದ ನೋಡಿದರು. ಮಹಾನಗರದ ಮೈದಾನದಲ್ಲಿ ಕೃತಕವಾಗಿ ಕಟ್ಟಿದ ಕರೆಯಲ್ಲಿ ಓಡಿಸಿದರೆ ಅದು ಕಂಬಳವೇ ಎಂದು ಕೆಲವರು ಪ್ರಶ್ನಿಸಿದರು. ದೂರದ ಪ್ರಯಾಣ ಕೋಣಗಳಿಗೆ ಹಿಂಸೆಯೆಂದು ಪ್ರಾಣಿದಯಾ ಸಂಘಟನೆಗಳು ಆಕ್ಷೇಪಿಸಿದವು. ಪರ ಊರುಗಳಲ್ಲಿ ನೆಲೆಸಿ ಯಕ್ಷಗಾನ, ಭೂತಕೋಲಗಳನ್ನು ನಗರದ ಸಭಾಗೃಹಗಳಲ್ಲಿ ಕಾಣುವ ನಮ್ಮಂಥವರಿಗೆ ಮೊದಲ ಪ್ರಶ್ನೆ ಹೊಸದಲ್ಲ. ಎರಡನೆಯದನ್ನು ಮಾತ್ರ ಹಗುರವಾಗಿ ತಳ್ಳಿಹಾಕಲಾಗದು. ಕಲಾವಿದನು ತನ್ನ ಇಚ್ಛೆಯಿಂದ ಪ್ರಯಾಣ ಮಾಡುತ್ತಾನೆ. ಕೋಣಕ್ಕೆ ಆ ಆಯ್ಕೆ ಇಲ್ಲ.

ಕಂಬಳದ ಮುಂದೆ ಇರುವ ನಿಜವಾದ ಸವಾಲು ಇದೇ. ಬೆತ್ತದ ಏಟು ಓಟಕ್ಕೆ ಅನಿವಾರ್ಯವೆಂದು ವಾದಿಸುವವರು ಇನ್ನೂ ಇದ್ದಾರೆ. ಬೆತ್ತವಿಲ್ಲದೆ ಓಡಿಸಬಲ್ಲವನೇ ನಿಜವಾದ ಓಟಗಾರನೆಂದು ಹೇಳುವ ಹಿರಿಯರೂ ಇದ್ದಾರೆ. ಎರಡನೆಯ ಮಾತಿನಲ್ಲಿ ಕಂಬಳದ ಭವಿಷ್ಯವಿದೆ ಎಂಬುದು ನಮ್ಮ ಅಭಿಪ್ರಾಯ. ಕೊರಗರನ್ನು ಓಡಿಸುವುದೂ ಒಂದು ಕಾಲಕ್ಕೆ ‘ಅನಿವಾರ್ಯ’ವೇ ಆಗಿತ್ತು, ಗುತ್ತಿನ ಯಜಮಾನಿಕೆಯೂ ಹಾಗೆಯೇ. ಅವೆರಡೂ ಹೋದವು, ಕಂಬಳ ಉಳಿಯಿತು. ಬದಲಾವಣೆಯನ್ನು ನ್ಯಾಯಾಲಯವು ಹೇರುವವರೆಗೆ ಕಾಯದೆ, ಕಂಬಳವನ್ನು ಪ್ರೀತಿಸುವವರೇ ಅದನ್ನು ಕೈಗೊಂಡರೆ ಈ ಓಟದ ಮೇಲೆ ಮತ್ತೊಮ್ಮೆ ತಡೆಯಾಜ್ಞೆಯ ನೆರಳು ಬೀಳದು.

ಚಳಿಗಾಲದ ರಜೆಯಲ್ಲಿ ಊರಿಗೆ ಹೋಗುವ ಪುಣೆಯ ಕನ್ನಡ ಬಾಂಧವರು ಮಕ್ಕಳನ್ನು ಒಮ್ಮೆ ಕಂಬಳಕ್ಕೆ ಕರೆದೊಯ್ಯಲಿ. ಕರೆ, ಗಂತು, ಮಂಜೊಟ್ಟಿ, ನಿಶಾನೆಗಳ ಹೆಸರನ್ನು ಅವರಿಗೆ ಕಲಿಸಿಕೊಡಲಿ. ಜೊತೆಗೆ ಕೋಣದ ಬೆನ್ನನ್ನೂ ಗಮನಿಸಿ ನೋಡಲು ಹೇಳಲಿ. ಅಲ್ಲಿ ಬಾಸುಂಡೆಗಳಿಲ್ಲದಿದ್ದರೆ ಕಂಬಳವು ಸರಿಯಾದ ದಾರಿಯಲ್ಲಿದೆ ಎಂದು ತಿಳಿಯಬಹುದು.